ನಾಲ್ಕನೆಯ ಮಾತು

ಭಾನುವಾರ, ಮಾರ್ಚ್ ೯
ಅಂಗಡಿಯ ಮೇಜಿನಿಂದ

ಮುದ್ದು ಮಗಳೇ,

ನಿನಗೂ ಅಳಿಯನಿಗೂ ಮೊಮ್ಮಗಳಿಗೂ ಈ ಅಪ್ಪನ ಆಶೀರ್ವಾದ. ಮೂವರೂ ಚೆನ್ನಾಗಿದೀರಿ ಅಂದುಕೊಂಡು ಬರೀತಿದೀನಿ. ಈ ಕಾಗದ ನವೆಂಬರಿನಲ್ಲೇ ನಿನ್ನ ಕೈ ಸೇರಬೇಕಿತ್ತು. ತಡವಾಯ್ತು, ಬೈಕೋಬೇಡ. ಬೈಂಡಿಂಗ್ ಕೆಲಸದವನು ಕಾಗದ ಸಿಗಲಿಲ್ಲ ಅಂತ ನೆಪ ಹೇಳೋ ಹಾಗೂ ಇಲ್ಲ, ಸುತ್ತ ರೀಮುಗಟ್ಟಲೆ ಬಿದ್ದಿದೆ. ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ನಿಮ್ಮಮ್ಮ ಕಸ ಗುಡಿಸ್ತಾ, ಮಗಳಿಗೆ ಎರಡು ಸಾಲು ಬರೆಯೋಕೆ ಇಷ್ಟು ಕಾಗದ ಬೇಕೇನ್ರೀ ಅಂತ ಕೇಳಿದಳು. ನನ್ನ ಹಿಂದಿನ ಎರಡು ಕಾಗದಕ್ಕೆ ನೀನು ಉತ್ತರ ಬರೀಲಿಲ್ಲ. ಅದನ್ನ ದೂರೋಕೆ ಕೂತಿಲ್ಲ, ಹೆದರಬೇಡ.

ಇಲ್ಲಿನ ಸುದ್ದಿ ಹೆಚ್ಚೇನಿಲ್ಲ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಸೂಜಿ ಚಿಕ್ಕಮ್ಮ ಈಗಲೂ ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕೂತು ಪುಸ್ತಕ ಹೊಲೀತಾಳೆ. ಕಣ್ಣು ಮಂಜಾಗಿದೆ, ಆದರೂ ಒಂದು ಹೊಲಿಗೆ ತಪ್ಪಲ್ಲ. ದಾರ ಪೋಣಿಸೋಕೆ ಮಾತ್ರ ನನ್ನನ್ನ ಕೂಗ್ತಾಳೆ, ಕೂಗಿದಾಗೆಲ್ಲ ನೀನಿದ್ದಿದ್ದರೆ ಅಂತ ಶುರು ಮಾಡ್ತಾಳೆ. ಕಟಿಂಗ್ ಮಿಷನ್ನಿಗೆ ಹೊದಿಸಿದ ಬಟ್ಟೆ ಒಂಬತ್ತು ವರ್ಷದಿಂದ ತೆಗೆದಿಲ್ಲ. ಅಂಚು ಕತ್ತರಿಸೋ ಕೆಲಸ ಬಂದರೆ ಪಕ್ಕದ ಬೀದಿಗೆ ಹೊತ್ತುಕೊಂಡು ಹೋಗ್ತೀನಿ.

ಇನ್ನು ವಿಷಯಕ್ಕೆ ಬರ್ತೀನಿ. ನವೆಂಬರಿನಲ್ಲಿ ನಿಮ್ಮಮ್ಮ ನಿಮ್ಮ ಮನೆಯಿಂದ ವಾಪಸ್ ಬಂದಳಲ್ಲ, ಚೀಲ ಕೆಳಗಿಡೋ ಮೊದಲೇ ಒಂದು ಮಾತು ಹೇಳಿದಳು. ಮಗು ಬಾಗಿಲ ಹತ್ತಿರ ಕೂತು ಬೂಟಿನ ಲೇಸ್ ಕಟ್ಟಿಕೊಳ್ತಿತ್ತಂತೆ. ಇದು ಮೇಲೆ, ಇದು ಕೆಳಗೆ, ಸುತ್ತು, ತೂರಿಸು, ಎಳಿ ಅಂತ ತನಗೆ ತಾನೇ ಹೇಳಿಕೊಳ್ತಿತ್ತಂತೆ. ನೀನು ಆಸ್ಪತ್ರೆ ಕೆಲಸಕ್ಕೆ ಹೊರಟವಳು ನಿಂತು, ಅದರ ತುಟಿ ಮೇಲೆ ಬೆರಳಿಟ್ಟು, "ಬಾಯಿ ಮುಚ್ಕೊಂಡು ಮಾಡು" ಅಂದೆಯಂತೆ. "ಥೇಟ್ ನಿಮ್ಮ ದನಿ ಕಣ್ರೀ" ಅಂದಳು ನಿಮ್ಮಮ್ಮ. ಅವಳೇನೋ ಮೆಚ್ಚಿಕೊಂಡೇ ಹೇಳಿದಳು. ನಾನು ಅವತ್ತು ರಾತ್ರಿಯೇ ಈ ಕಾಗದ ಬರೆಯೋಕೆ ಕೂತೆ.

ಅದರ ಜೊತೆ ಇನ್ನೊಂದು ಸುದ್ದಿನೂ ತಂದಿದ್ದಳು. ಆಸ್ಪತ್ರೆಯ ಬಟ್ಟೆ ಕೋಣೆ ಪೂರ್ತಿ ನೋಡಿಕೋ ಅಂತ ನಿನ್ನನ್ನ ಕೇಳಿದರಂತೆ, ನೀನು ಒಲ್ಲೆ ಅಂದೆಯಂತೆ. ನನ್ನ ತಲೆ ನಂಬೋ ಹಾಗಿಲ್ಲ ಅಂದೆಯಂತೆ. ಈಗ ಎಷ್ಟು ಗಂಭೀರ ಆಗಿದಾಳೆ, ಕೇಳಿದ್ದಕ್ಕೆ ಹೂಂ ಅಂತಾಳೆ ಅಷ್ಟೇ ಅಂತ ನಿಮ್ಮಮ್ಮನಿಗೆ ಸಮಾಧಾನ. ಇಡೀ ದಿನ ಪಿಟಿಪಿಟಿ ಅಂತಿದ್ದವಳು ನೀನು. ಆ ಹೆಸರಿಟ್ಟವನೂ ನಾನೇ, ಬಂದುಹೋದವರ ಮುಂದೆಲ್ಲ ಹಾಗೇ ಕರೆದು ನಗಿಸ್ತಿದ್ದೆ.

ಡಿಸೆಂಬರಿನಲ್ಲಿ ಒಬ್ಬರು ಕಾಲೇಜಿನ ಮೇಡಂ ಬೈಂಡ್ ಮಾಡಿಸೋಕೆ ಪ್ರಶ್ನೆಪತ್ರಿಕೆಗಳ ದೊಡ್ಡ ಗಂಟು ತಂದರು. ಪರೀಕ್ಷೆಯದಲ್ಲ, ಜನ ಹೇಗೆ ಯೋಚಿಸ್ತಾರೆ ಅಂತ ತಿಳಿಯೋಕೆ ಇನ್ನೂರು ಜನರ ಕೈಲಿ ಟಿಕ್ ಹಾಕಿಸಿ ತುಂಬಿಸಿದ್ದು. ನಿನಗೆ ಗೊತ್ತಲ್ಲ, ನಾವು ಪುಟದ ನಂಬರ್ ನೋಡ್ತೀವೇ ಹೊರತು ಪುಟ ಓದಲ್ಲ. ಅವತ್ತು ಯಾಕೋ ಓದಿದೆ. ಕಣ್ಣು ಮುಚ್ಚಿ ನಿಮ್ಮ ಮನೆಯ ಬಾಗಿಲು ನೆನೆಸಿಕೊಳ್ಳಿ, ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂತ ಇತ್ತು. ಯೋಚಿಸುವಾಗ ಒಳಗೆ ದನಿ ಕೇಳುತ್ತದೆಯೇ ಅಂತ ಇನ್ನೊಂದು. ನನಗೆ ನಗು ಬಂತು. ಬಾಗಿಲು ಕಾಣದೆ ಇನ್ನೇನು? ಬಣ್ಣ ಎದ್ದಿರೋ ಜಾಗ, ಕೆಳಗಿನ ಮೊಳೆ, ಎಲ್ಲ ಕಾಣುತ್ತೆ. ಆದರೆ ಒಳಗೆ ದನಿ ಅಂದರೇನು? ಮನಸ್ಸು ಹೇಳಿತು ಅಂತ ಜನ ಅನ್ನೋದು ಬರೀ ಮಾತಿಗೆ ಅಂದುಕೊಂಡಿದ್ದೆ ನಾನು, ಈ ಅರವತ್ತೆರಡು ವರ್ಷ.

ತಮಾಷೆಗೆ ಸೂಜಿ ಚಿಕ್ಕಮ್ಮನನ್ನ ಕೇಳಿದೆ. ಕಣ್ಣು ಮುಚ್ಚಿದರೆ ಕತ್ತಲೆ ಕಾಣುತ್ತೆ ಭಾವ, ಇನ್ನೇನು ಸಿನಿಮಾ ಕಾಣುತ್ತಾ ಅಂದಳು. ತೀರಿಹೋದ ಗಂಡನ ಮುಖ? ಅದೂ ಕಾಣಲ್ಲವಂತೆ. ಕಣ್ಣಿಗೆ ಕಟ್ಟಿದ ಹಾಗಿದೆ ಅಂತ ನಾವೆಲ್ಲ ಅಂದಾಗ ಏನೋ ಅಲಂಕಾರಕ್ಕೆ ಅಂತಾರೆ ಅಂದುಕೊಂಡಿದ್ದಳಂತೆ. ಹಾಗಾದರೆ ಹೊಲಿಗೆ ಹೇಗೆ ಹಾಕ್ತೀಯ ಅಂದರೆ, ಬೆರಳನ್ನ ಕೇಳು, ಅದಕ್ಕೇ ಗೊತ್ತು, ನನಗೆ ಗೊತ್ತಿಲ್ಲ ಅಂದಳು. ಮೂವತ್ತು ವರ್ಷ ಒಂದೇ ಕೋಣೆಯಲ್ಲಿ ಕೂತಿದೀವಿ, ಒಬ್ಬರ ತಲೆಯೊಳಗೆ ಏನು ನಡೀತಿದೆ ಅಂತ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಇಬ್ಬರೂ ನಕ್ಕೆವು. ನಗ್ತಾ ನಗ್ತಾ ನೀನು ನೆನಪಾದೆ.

ನಿನಗೆ ಕೆಲಸ ಕಲಿಸಿದ್ದು ಹೇಗೆ ಅಂತ ನೆನಪಿದೆಯಾ? ದೊಡ್ಡ ಹಾಳೆ ಮಡಚೋ ಮುಂಚೆ, ಕಣ್ಣು ಮುಚ್ಚಿ ನೋಡು, ಮಡಚಿದ ಮೇಲೆ ಪುಟ ಎಲ್ಲಿ ಬರುತ್ತೆ ಕಾಣುತ್ತಲ್ಲ ಅಂತಿದ್ದೆ. "ಕಾಣಲ್ಲ ಅಪ್ಪ, ಹೇಳು" ಅಂತಿದ್ದೆ ನೀನು. ಹೇಳೋದೇನು, ನೋಡು ಅಂತ ನಾನು. ಹಟ ಮಾಡ್ತೀಯ ಅಂತ ತಲೆಗೆ ಮೊಟಕಿದೀನಿ. ತಲೆಯಲ್ಲಿ ಮಣ್ಣು ತುಂಬಿಕೊಂಡಿದೀಯಾ ಅಂತ ಬೈದಿದೀನಿ. ನಿಜ ಏನು ಗೊತ್ತಾ, ಹೇಳೋಕೆ ನನ್ನ ಹತ್ತಿರ ಮಾತೇ ಇರಲಿಲ್ಲ. ಮಾತು ನನಗೆ ಯಾವಾಗಲೂ ತಡವಾಗೇ ಬರೋದು. ಹಾಲು ಉಕ್ಕೋದು ಕಂಡರೂ ಒಲೆ ಕಡೆ ಕೈ ತೋರಿಸಿ ಅದು, ಅದು, ಅಂತ ನಿಂತಿರ್ತೀನಿ. ಅಷ್ಟರಲ್ಲಿ ಒಲೆಯೆಲ್ಲ ಹಾಲು. ಅದಕ್ಕೆ ನೀನೂ ನಿಮ್ಮಮ್ಮನೂ ಎಷ್ಟು ಆಡಿಕೊಂಡು ನಗ್ತಿದ್ದಿರಿ.

ಕೊನೆಗೆ ನೀನೇ ಮಾತು ಮಾಡಿಕೊಂಡೆ. ಒಂದೊಂದು ಕೆಲಸಕ್ಕೂ ಒಂದೊಂದು ಸರ. ಮಿಷನ್ನಿನದು ನನಗೆ ಈಗಲೂ ಬಾಯಿಪಾಠ. ಕಾಗದ ತಟ್ಟು, ಒಳಗೆ ತಳ್ಳು, ಚಕ್ರ ತಿರುಗಿಸು, ಕೈ ಹೊರಗೆ, ಕಾಲು ಒತ್ತು. ಐದು ಮಾತು, ಐದನೆಯದಕ್ಕೆ ಬ್ಲೇಡ್ ಇಳಿಯೋದು. ಅದನ್ನ ಹೇಳಿಕೊಂಡು ನೀನು ಎರಡು ವರ್ಷ ಬ್ಲೇಡಿನ ಕೆಳಗೆ ಕೆಲಸ ಮಾಡಿದೆ, ಒಂದು ಹಾಳೆ ಓರೆಯಾಗಲಿಲ್ಲ. ನನ್ನ ಕಟಿಂಗಿಗಿಂತ ನಿನ್ನದೇ ಚೊಕ್ಕ ಅಂತ ನಿನಗೆ ಒಂದು ದಿನವೂ ಹೇಳಲಿಲ್ಲ, ಇವತ್ತು ಹೇಳ್ತಿದೀನಿ.

ಪುಸ್ತಕ ಒಯ್ಯೋಕೆ ಮೇಡಂ ಬಂದಾಗ ಕೇಳಿದೆ. ಬಾಯಿಬಿಟ್ಟು ಹೇಳಿಕೊಂಡೇ ಕೆಲಸ ಮಾಡೋರು ಇರ್ತಾರಲ್ಲ, ಅವರಿಗೆ ಬುದ್ಧಿ ಕಮ್ಮಿಯಾ ಅಂತ. ಅವರು ತುಂಬ ಹೊತ್ತು ಮಾತಾಡಿದರು. ಕೆಲವರು ಚಿತ್ರದಲ್ಲಿ ಯೋಚಿಸ್ತಾರೆ, ಕೆಲವರು ಮಾತಿನಲ್ಲಿ, ಕೆಲವರಿಗೆ ಎರಡೂ ಇಲ್ಲದೆ ಸುಮ್ಮನೆ ಗೊತ್ತಾಗುತ್ತೆ. ತಮ್ಮ ಹಾಗೇ ಎಲ್ಲರೂ ಅಂತ ಎಲ್ಲರೂ ಅಂದುಕೊಂಡಿರ್ತಾರೆ, ಯಾರಾದರೂ ಕೇಳೋವರೆಗೆ ತಿಳಿಯೋದೇ ಇಲ್ಲ ಅಂದರು. ಬಾಯಿ ಮುಚ್ಚು ಅಂದರೆ ಅವರಿಗೇನಾಗುತ್ತೆ ಅಂತ ಕೇಳಿದೆ. "ಆ ಮಾತೇ ಅವರ ಯೋಚನೆ ಸಾರ್. ಮಾತು ನಿಲ್ಲಿಸಿದರೆ ಯೋಚನೆ ನಿಂತುಹೋಗುತ್ತೆ" ಅಂದರು. ನಾನು ಪುಸ್ತಕ ಕಟ್ಟಿ ಕೊಟ್ಟೆ. ಅವರು ಹೋದ ಮೇಲೆ ಸಂಜೆಯವರೆಗೂ ಒಂದೂ ಕೆಲಸ ಮಾಡಲಿಲ್ಲ.

ಒಂಬತ್ತು ವರ್ಷದ ಹಿಂದಿನ ಆ ಬೆಳಿಗ್ಗೆ ಅಂಗಡಿಗೆ ಬಂದ ದೊಡ್ಡ ಗಿರಾಕಿ, ನಿಮ್ಮ ಹುಡುಗಿ ಯಾರ ಜೊತೆ ಮಾತಾಡ್ತಿದಾಳೆ ಅಂತ ನಕ್ಕ. ನನಗೆ ಮುಖ ತೋರಿಸೋಕೆ ಆಗಲಿಲ್ಲ. "ಬಾಯಿ ಮುಚ್ಕೊಂಡು ಕೆಲಸ ಮಾಡು, ಹುಚ್ಚಿ ಅಂದಾರು" ಅಂತ ಅವನ ಮುಂದೆಯೇ ಗದರಿದೆ. ನೀನು ತುಟಿ ಒಳಗೆ ಎಳೆದುಕೊಂಡೆ. ಅವನು ಹೋಗಿ ಕಾಲು ಗಂಟೆ ಆಗಿರಲಿಲ್ಲ. ಎಡಗೈಯ ಮೂರು ಬೆರಳು. ಆಸ್ಪತ್ರೆಯಲ್ಲಿ ನೀನೇ ಡಾಕ್ಟರಿಗೆ, ನನ್ನದೇ ತಪ್ಪು, ಮರೆತೆ ಅಂದೆ. ನಾನು ಡಾಕ್ಟರಿಗೂ ನಿಮ್ಮಮ್ಮನಿಗೂ, ರಟ್ಟು ಎತ್ತಿಕೊಳ್ಳೋಕೆ ಬೆನ್ನು ತಿರುಗಿಸಿದ್ದೆ, ಇಲ್ಲದಿದ್ದರೆ ಕೂಗ್ತಿದ್ದೆ ಅಂದೆ. ಅವಳಿಗೆ ಮೊದಲಿಂದಲೂ ಗಮನ ಕಮ್ಮಿ ಅಂತಲೂ ಅಂದೆ, ನಿನ್ನ ಮಂಚದ ಪಕ್ಕದಲ್ಲೇ ನಿಂತು. ಮದುವೆಯಾಗಿ ಹೋದ ಮೇಲೆ ನೀನು ಬರೆದ ಒಂದೇ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ನನ್ನ ತಲೆಯಲ್ಲಿ ಮಣ್ಣೇ ಇರೋದು ಅಪ್ಪ, ನೀನು ಹೇಳ್ತಿದ್ದದ್ದು ಸರಿ ಅಂತ ಬರೆದಿದೀಯ.

ಸರಿಯಲ್ಲ ಮಗಳೇ. ನೀನು ಮರೀಲಿಲ್ಲ. ನಿನ್ನ ನೆನಪಿದ್ದದ್ದು ಬಾಯಲ್ಲಿ, ಆ ಬಾಯಿ ಮುಚ್ಚಿಸಿದವನು ನಾನು. ಇದನ್ನ ತಿಳಿಯೋಕೆ ನನಗೆ ಒಂಬತ್ತು ವರ್ಷ ಬೇಕಾಯ್ತು. ತಿಳಿದು ಏನು ಬಂತು? ಬೆರಳು ಬರಲ್ಲ, ನಿನ್ನ ಪಿಟಿಪಿಟಿಯೂ ಬರಲ್ಲ. ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ, ಕೇಳ್ತಾನೂ ಇಲ್ಲ. ಕೇಳೋದು ಒಂದೇ, ಮಗುವಿನ ತುಟಿ ಮೇಲಿಂದ ಬೆರಳು ತೆಗೆ. ಅದು ಲೇಸ್ ಕಟ್ಟುವಾಗ ಮಾತಾಡಲಿ, ಮೆಟ್ಟಿಲು ಇಳಿಯುವಾಗ ಮಾತಾಡಲಿ. ಜನ ನಕ್ಕರೆ ನಗಲಿ. ನನ್ನ ದನಿ ನಿನ್ನ ಗಂಟಲಲ್ಲಿ ಕೂತಿದೆಯಲ್ಲ, ಅದನ್ನ ಅಲ್ಲಿಂದ ತೆಗೆಯೋಕೆ ನನಗೆ ಬರ್ತಿಲ್ಲ, ನೀನೇ ತೆಗೀಬೇಕು.

ಅಳಿಯನಿಗೆ ನನ್ನ ನೆನಪು ಹೇಳು. ಮಗುವಿಗೆ ತಾತನ ಮುತ್ತು. ನೀನು ನೂರು ವರ್ಷ ಚೆನ್ನಾಗಿ ಬಾಳಬೇಕು, ಬಾಯಿ ತುಂಬ ಮಾತಾಡಿಕೊಂಡು ಬಾಳಬೇಕು. ಇದಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ.

ಇಂತಿ ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ. ನಾಲ್ಕು ಕಾಗದ ಹರಿದದ್ದು ಇದೊಂದಕ್ಕೇ. ನಾನು ಅವತ್ತು ಬೆನ್ನು ತಿರುಗಿಸಿರಲಿಲ್ಲ. ನಿನ್ನ ಎದುರಿಗೇ ನಿಂತಿದ್ದೆ. ನಿಮ್ಮಮ್ಮನಿಗೆ ಹೇಳಿದ್ದು ಸುಳ್ಳು, ಡಾಕ್ಟರಿಗೆ ಹೇಳಿದ್ದು ಸುಳ್ಳು. ಚಕ್ರ ತಿರುಗಿಸಿದ್ದು ನೋಡಿದೆ, ಎಡಗೈ ಬ್ಲೇಡಿನ ಕೆಳಗೇ ಉಳಿದದ್ದು ನೋಡಿದೆ, ನಿನ್ನ ಕಾಲು ಪೆಡಲ್ ಕಡೆ ಹೋಗಿದ್ದೂ ನೋಡಿದೆ. ಇನ್ನೇನಾಗುತ್ತೆ ಅನ್ನೋದು ಆಗೋ ಮುಂಚೆಯೇ ನನಗೆ ಪೂರ್ತಿ ಕಂಡಿತ್ತು. ಕೈ ತೋರಿಸಿದೆ. ಅದು, ಅದು, ಅಂದೆ. ನೀನು ತಲೆ ಎತ್ತಿ ನನ್ನನ್ನೇ ನೋಡಿದೆ, ಬೈತಾನೆ ಅಂದುಕೊಂಡು ತುಟಿ ಇನ್ನೂ ಬಿಗಿ ಮಾಡಿಕೊಂಡೆ. ಕೈ ಹೊರಗೆ ಅನ್ನೋ ಆ ನಾಲ್ಕನೆಯ ಮಾತು ಆ ಕೋಣೆಯಲ್ಲಿ ನಿನ್ನೊಬ್ಬಳ ಹತ್ತಿರ ಮಾತ್ರ ಇತ್ತು.