ಯಂತ್ರ ಹೇಳಿದ ವೆರಿ ಗುಡ್

ಗಾಂಧಿನಗರ, ಬಳ್ಳಾರಿ
೧೭-೮-೧೯೭೬

ಪ್ರೀತಿಯ ಕೊಟ್ರಮ್ಮಕ್ಕಾ,

ನಾನು ಇಲ್ಲಿ ಕ್ಷೇಮ. ಕುರುಗೋಡಿನಲ್ಲಿ ನೀನು, ಮಾವ, ನಿಮ್ಮತ್ತೆ, ಕೂಸು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಸೊಂಟದ ನೋವು ಹೇಗಿದೆ? ಎಣ್ಣೆ ಹಚ್ಚಿಕೊಂಡು ಮಲಗೇ ಎಂದರೆ ಸೆಗಣಿ ಬಾಚಲು ಓಡುವವಳು ನೀನು. ಸಿರುಗುಪ್ಪದಿಂದ ಅವ್ವ ಕಳಿಸಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಎಂದೋ ಮುಗಿದವು. ಹಾಸ್ಟೆಲ್ಲಿನ ಸಾರಿನಲ್ಲಿ ಬೇಳೆ ಹುಡುಕುವುದೂ ಒಂದು ವಿದ್ಯೆಯೇ, ಅದನ್ನೂ ಕಲಿಯುತ್ತಿದ್ದೇನೆ.

ನಮ್ಮ ಕಾಲೇಜಿಗೆ ಇಂಗ್ಲಿಷ್ ಕಲಿಸುವ ಯಂತ್ರ ಬಂದಿದೆ. ಟೇಪ್ ರೆಕಾರ್ಡರ್. ಕಿವಿಗೆ ಎರಡು ಬಟ್ಟಲು ಕಟ್ಟಿಕೊಂಡು ಕೂತರೆ ಒಬ್ಬ ಹೆಂಗಸು ಒಂದು ವಾಕ್ಯ ಹೇಳಿ ಸುಮ್ಮನಾಗುತ್ತಾಳೆ. ಆ ಬಿಡುವಿನಲ್ಲಿ ನಾವು ಅದನ್ನೇ ಹೇಳಬೇಕು, ಅದೂ ಟೇಪಿನಲ್ಲಿ ಸೇರುತ್ತದೆ. ಆಮೇಲೆ ಅವಳು ‘ವೆರಿ ಗುಡ್’ ಅನ್ನುತ್ತಾಳೆ. ಸರಿ ಹೇಳಿದರೂ ವೆರಿ ಗುಡ್, ತಪ್ಪು ಹೇಳಿದರೂ ವೆರಿ ಗುಡ್! ಮೊದಲ ದಿನ ತರಗತಿಯಲ್ಲಿ ನಾನು ‘ಇಸ್ಕೂಲು’ ಅಂದದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂದಿನಿಂದ ನನ್ನ ಹೆಸರೇ ಇಸ್ಕೂಲು. ನಾನು ಮಾತೇ ಬಿಟ್ಟೆ. ಎರಡು ತಿಂಗಳಲ್ಲಿ ನನಗೆ ಗುಡ್ ಅಂದದ್ದು ಆ ಯಂತ್ರ ಒಂದೇ, ಅಕ್ಕಾ.

ಮೊನ್ನೆ ಅವಳು ಸುಮ್ಮನಾದಾಗ ನನಗೇನು ಬಂತೋ, ಇಂಗ್ಲಿಷು ಬಿಟ್ಟು, “ನನಗ ಇಲ್ಲಿ ಮಾತಾಡಾಕ ಒಂದು ನರಪಿಳ್ಳೆನೂ ಇಲ್ಲ” ಅಂದೆ. ವೆರಿ ಗುಡ್. “ದಿನಾ ಅಳ್ತೀನಿ” ಅಂದೆ. ವೆರಿ ಗುಡ್! ನಗು ಬಂತು ನೋಡು, ಅಳುವಿನ ಜೊತೆಗೇ ಬಂತು, ಹಾಳಾದ್ದು.

ಆ ಟೇಪನ್ನು ಮೇಡಂ ಕೇಳುತ್ತಾರೆಂಬುದು ಮರೆತೇಹೋಗಿತ್ತು. ಇಂಗ್ಲಿಷಿನ ಸಾವಂತ್ರಮ್ಮ ಮೇಡಂ ಇವತ್ತು ಕರೆದಾಗ ಕಾಲೇಜಿನಿಂದ ನನ್ನ ಹೆಸರು ಹೊಡೆದುಹಾಕುತ್ತಾರೆಂದೇ ಅಂದುಕೊಂಡೆ. ಅವರು ಬೈಯಲಿಲ್ಲ. “ಮಷಿನ್ನಿಗೆ ಬಾಯಿ ಐತಿ, ಕಿವಿ ಇಲ್ಲವ್ವಾ. ಕಿವಿ ಇರೋರಿಗೆ ಹೇಳು” ಅಂದರು. ಅದಕ್ಕೇ ನಿನಗೆ ಬರೆಯಲು ಕೂತೆ. ಆದರೆ ನೀನು ಏಳನೇ ಕ್ಲಾಸಿಗೇ ಸಾಲಿ ಬಿಟ್ಟು ಮನೆಗೆಲಸ ಹೊತ್ತದ್ದರಿಂದ ತಾನೇ ನಾನು ಇಲ್ಲಿರುವುದು? ನಿನಗೆ ಯಾವ ಬಾಯಿಂದ ಹೇಳಲಿ? ಓದು ಚೆನ್ನಾಗಿ ನಡೆದಿದೆ, ಚಿಂತೆ ಬೇಡ.

ನಿಮ್ಮತ್ತೆಗೆ ನನ್ನ ಶರಣು ಹೇಳು, ಕೂಸಿನ ಗಲ್ಲ ನನ್ನ ಪರವಾಗಿ ಹಿಂಡು.

ನಿನ್ನ ತಂಗಿ,
ಚನ್ನವೀರಿ

ತಾ.ಕ.: ಈ ಇನ್‌ಲ್ಯಾಂಡ್ ಕಾಗದದ ಮಡಚುವ ಅಂಚಿನಲ್ಲಿ ಇಷ್ಟೇ ಜಾಗವಿದೆ. ಮೇಲೆ ಕ್ಷೇಮ ಎಂದು ಬರೆದದ್ದು ಸುಳ್ಳು. ಅದೂ ಟೇಪಿನವಳ ವೆರಿ ಗುಡ್ಡೇ. ಟ್ರಂಕು ಕಟ್ಟಿಟ್ಟಿದ್ದೇನೆ. ಭಾನುವಾರದ ಬಸ್ಸಿಗೆ ಬಂದು ಒಂದು ತಾಸು ನನ್ನ ಪಕ್ಕ ಕೂತು ಹೋಗು, ಓದು ಬಿಡುವ ಮಾತು ಆಮೇಲೆ ನೋಡೋಣ. ಮದುವೆಯಾದಾಗಿನಿಂದ ನೀನೂ ಪ್ರತಿ ಕಾಗದದಲ್ಲಿ ‘ನಾವೆಲ್ಲ ಕ್ಷೇಮ’ ಅಂತಲೇ ಬರೆಯುತ್ತೀ. ಖರೇ ಹೇಳಕ್ಕಾ, ನೀ ಹ್ಯಾಂಗ ಅದೀ?