ಹನ್ನೆರಡನೆಯ ಪಾಠ ಕಲಿಯದೆ ಬಿಟ್ಟವರಿಗೆ

ಹಳೆಪುಟ ಮನೆ, ರಾಣೆಬೆನ್ನೂರು
ಉಳಿಕೆ ತಿಂಗಳು ಹನ್ನೆರಡು, 2431

ಸುಲೋಚನಾ ಹಾದಿಮನಿ ಅವರೇ,

ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಹನ್ನೆರಡು ತಿಂಗಳಿಗೂ ಇಪ್ಪತ್ತೆಂಟೇ ದಿನ. ಹಾಗೆ ಕತ್ತರಿಸಿ ಮಿಕ್ಕ ದಿನಗಳನ್ನು ಕೂಡಿಸಿ ವರ್ಷದ ಕೊನೆಗೆ ಹದಿಮೂರನೆಯ ತಿಂಗಳೊಂದನ್ನು ಮಾಡಿಕೊಂಡಿದ್ದೇವೆ. ಅದರ ಹೆಸರು ಉಳಿಕೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಬಹುಮಟ್ಟಿಗೆ ಕಲಿತದ್ದು ನೀವು ವೆಬ್ ಪಾಠಗಳನ್ನು ಬರೆದಿಟ್ಟ ಫೈಲಿನಿಂದ, ಅದರಲ್ಲಿ ಗೊಣಗಾಟವೇ ಜಾಸ್ತಿ. ವರ್ಷದ ಲೆಕ್ಕದಲ್ಲಿ ನೀವು ನನಗಿಂತ ನಾಲ್ಕು ನೂರು ವರ್ಷ ಹಿರಿಯರು. ಆದರೆ ಅದರಲ್ಲಿ ಅಭ್ಯಾಸಕ್ಕೆಂದು ಮಾಡಿದ ಫಾರ್ಮಿನಲ್ಲಿ ನೀವೇ ತುಂಬಿರುವ ವಯಸ್ಸು ಇಪ್ಪತ್ತಾರು, ನನಗೀಗ ಐವತ್ತೊಂದು. ಆದ್ದರಿಂದ ಮರ್ಯಾದೆಯನ್ನೂ ಕೊಡುತ್ತೇನೆ, ಬೇಕಾದಲ್ಲಿ ಗದರುತ್ತೇನೆ ಕೂಡ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ನನ್ನ ಹೆಸರು ಕಾಳಿಂದಿ. ನಿಮ್ಮ ಕಾಲದ ವೆಬ್ ಪುಟಗಳಲ್ಲಿ ಅಳಿಯದೆ ಉಳಿದವನ್ನು ಕಾಪಾಡುವ ಮನೆಯಲ್ಲಿ ಕೆಲಸ. ಹಳೆಯ ಬ್ರೌಸರ್ ಇನ್ನೂ ಓಡುವ ಯಂತ್ರ ಇಲ್ಲಿ ಒಂದೇ ಒಂದಿದೆ. ಅದರಲ್ಲಿ ತೆರೆಯುವ ಪುಟಗಳು ನಲವತ್ತಕ್ಕೂ ಕಡಿಮೆ. ಅವುಗಳಲ್ಲಿ ಪುಟ ಕಟ್ಟುವುದನ್ನು ಹಂತಹಂತವಾಗಿ ಕಲಿಸುವುದು ನಿಮ್ಮದೊಂದೇ. ನೀವು ಕಣ್ಣಿನ ಡಾಕ್ಟರೊಬ್ಬರ ಬಳಿ ಟೋಕನ್ ಕೊಡುವ ಕೆಲಸದಲ್ಲಿದ್ದಿರಿ, ಸಂಜೆ ಕ್ಲಾಸಿಗೆ ಹೋಗಿ ಕಲಿಯುತ್ತಿದ್ದಿರಿ. ರೋಗಿಗಳ ಸರದಿ ತಾನಾಗಿಯೇ ನಡೆಯುವಂತೆ ಒಂದು ವೆಬ್ ಅಪ್ಲಿಕೇಶನ್ ಮಾಡುವುದು ನಿಮ್ಮ ಆಸೆ. ಇದೆಲ್ಲ ನಿಮ್ಮ ಫೈಲಿನ ಟಿಪ್ಪಣಿಗಳಲ್ಲೇ ಇದೆ. ಟಿಪ್ಪಣಿಯ ಗುರುತುಗಳ ನಡುವೆ ಬರೆದದ್ದನ್ನು ಬ್ರೌಸರ್ ಪುಟದ ಮೇಲೆ ತೋರಿಸುವುದಿಲ್ಲ ಎಂಬ ಧೈರ್ಯದಲ್ಲಿ ನೀವು ಮನಸ್ಸಿಗೆ ಬಂದದ್ದನ್ನೆಲ್ಲ ಬರೆದಿದ್ದೀರಿ. ನಾನು ಒಂದಕ್ಷರ ಬಿಡದೆ ಓದಿದ್ದೇನೆ.

ಹೊಟ್ಟೆ ಯಾಕೆ ಉರಿಯುತ್ತದೆ ಎಂದರೆ, ನಮ್ಮಲ್ಲಿ ಪುಟ ಎಂಬುದೇ ಇಲ್ಲ. ಇರುವುದು ಒದಗು. ಮನೆಯ ಗೋಡೆ, ಊಟದ ತಟ್ಟೆಯ ಅಂಚು, ಬಸ್ಸಿನ ಕಿಟಕಿ, ಎಲ್ಲದರ ಮೇಲೂ ಅದು ಹರಿಯುತ್ತಿರುತ್ತದೆ. ನಿಮಗೆ ಏನು ಇಷ್ಟವಾದೀತು ಎಂದು ಊಹಿಸಿ ಆ ಕ್ಷಣಕ್ಕೆ ಒಂದು ನೋಟವನ್ನು, ಒಂದು ದನಿಯನ್ನು ಒದಗಿಸುತ್ತದೆ, ಅದಕ್ಕೇ ಆ ಹೆಸರು. ಒಂದೇ ಗೋಡೆಯ ಮುಂದೆ ಇಬ್ಬರು ನಿಂತರೆ ಇಬ್ಬರಿಗೂ ಬೇರೆ ಬೇರೆ. ಬೆಳಿಗ್ಗೆ ನನಗೆ ಹವಾಮಾನದ ಸುದ್ದಿ ಬಂದರೆ ಪಕ್ಕದ ಮನೆಯಾಕೆಗೆ ಅದೇ ಸುದ್ದಿ ಅವಳ ಕೀಲುನೋವನ್ನು ವಿಚಾರಿಸಿಕೊಂಡು ಬರುತ್ತದೆ. ಹಿತವಾಗಿಯೇ ಇರುತ್ತದೆ, ಸುಳ್ಳು ಹೇಳಲಾರೆ. ಆದರೆ ನಾನು ಕಂಡದ್ದನ್ನು ನಿನ್ನೆಯವರೆಗೆ ಇನ್ನೊಬ್ಬರಿಗೆ ತೋರಿಸಲು ಆಗಿರಲಿಲ್ಲ. ನಿಮ್ಮಲ್ಲಿ ಒಂದು ವಿಳಾಸ ಕೊಟ್ಟರೆ ಹಾವೇರಿಯವನೂ ಹಂಪಿಯವಳೂ ಅದೇ ಪುಟವನ್ನು ನೋಡುತ್ತಿದ್ದರಂತೆ. ಸಾಲದ್ದಕ್ಕೆ ಅದರ ಹಿಂದಿನ ಬರಹವನ್ನೂ ಬಿಚ್ಚಿ ನೋಡಬಹುದಿತ್ತಂತೆ, ಯಾರನ್ನೂ ಕೇಳದೆ.

ನಿಮ್ಮ ಹನ್ನೊಂದು ಪಾಠಗಳನ್ನು ನಾನು ಎರಡು ವರ್ಷ ಕೂತು ಕಲಿತೆ. ಹೆಡರ್ ಎಂದರೆ ತಲೆಭಾಗ, ಮೇನ್ ಎಂದರೆ ಮುಖ್ಯ ವಿಷಯ, ನ್ಯಾವ್ ಎಂದರೆ ದಾರಿ ತೋರಿಸುವ ಜಾಗ. ಪ್ರತಿಯೊಂದಕ್ಕೂ ಹೆಸರಿಟ್ಟು ಕರೆದರೆ ಅದು ತನ್ನ ಜಾಗದಲ್ಲಿ ಕೂರುತ್ತಿತ್ತು. ಮೂರನೆಯ ಪಾಠದಲ್ಲಿ ನೀವು ಒಂದು ಟ್ಯಾಗನ್ನು, ಅಂದರೆ ಹಾಗೆ ಹೆಸರಿಟ್ಟು ಕರೆಯುವ ಗುರುತನ್ನು, ಮುಚ್ಚುವುದನ್ನು ಮರೆತಿದ್ದೀರಿ. ಪಕ್ಕದಲ್ಲಿ ಬರೆದಿದ್ದೀರಿ, "ಏನೋ ತಪ್ಪೈತಿ, ಆದ್ರೂ ಪುಟ ಬರಾಕತ್ತೈತಿ. ಇರ್ಲಿ ಬಿಡು." ಆ "ಇರ್ಲಿ ಬಿಡು" ಓದಿ ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ತಪ್ಪು ಮಾಡಿದರೂ ಹೊಂದಿಸಿಕೊಳ್ಳುವ ಯಂತ್ರ ನಿಮ್ಮ ಕೈಯಲ್ಲಿತ್ತು, ನಿಮಗೆ ಅದರ ಬೆಲೆಯೇ ಗೊತ್ತಿರಲಿಲ್ಲ. ಏಳನೆಯ ಪಾಠದಲ್ಲಿ ರೋಗಿಯ ಹೆಸರು ತುಂಬದೆ ಫಾರ್ಮ್ ಕಳಿಸಲು ಹೋದರೆ ಬ್ರೌಸರ್ ತಾನೇ ತಡೆಯಿತು. "ನಾ ಬರೆದದ್ದು ಒಂದ ಶಬ್ದ, ಇದು ಗುರುಗಳಂಗ ಬೈತೈತಿ" ಎಂದು ಬರೆದಿದ್ದೀರಿ. ತಾರೀಖಿನ ಖಾನೆ ಎಂದು ಹೇಳಿದ್ದಷ್ಟಕ್ಕೇ ಕ್ಯಾಲೆಂಡರ್ ಬಿಚ್ಚಿಕೊಂಡಿತು. ಹನ್ನೊಂದನೆಯದರಲ್ಲಿ ಕಂಪ್ಯೂಟರ್ ಆರಿಸಿ ಹಚ್ಚಿದರೂ ಟೋಕನ್ ನಂಬರನ್ನು ಬ್ರೌಸರ್ ನೆನಪಿಟ್ಟುಕೊಂಡಿತ್ತು. ಇಷ್ಟೆಲ್ಲ ಸಿಕ್ಕವರು ಆ ಪಾಠದ ಕೆಳಗೆ ಹೀಗೆ ಬರೆದಿದ್ದೀರಿ: "ನಾಳೆ ಆಡಿಯೋ ಟ್ಯಾಗ್. ಟೋಕನ್ ನಂಬರ್ ಕೂಗಿ ಹೇಳೂದು. ನನಗಂತೂ ಸಾಕಾಗೈತಿ, ನಾಳೆ ಹೋಗೂದಿಲ್ಲ." ಅಲ್ಲಿಗೆ ಫೈಲು ಮುಗಿಯುತ್ತದೆ.

ನಾಳೆ ಹೋಗೂದಿಲ್ಲವಂತೆ. ನಿಮ್ಮ ಕಿವಿ ಹಿಂಡಬೇಕು ಅನಿಸಿತು.

ಯಾಕೆ ಅನ್ನುವುದನ್ನೂ ಕೇಳಿ. ನಮ್ಮ ಅವ್ವ ತೇಜಮ್ಮ ತೀರಿಕೊಂಡು ಮೂರು ವರ್ಷವಾಯಿತು. ಸತ್ತವರನ್ನು ಒದಗು ಮನೆಯ ಗೋಡೆಯಲ್ಲಿ ಉಳಿಸಿಕೊಡುತ್ತದೆ, ಇದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಹದಿಮೂರನೆಯ ದಿನ ನಾನು ಮತ್ತು ಅಕ್ಕ ಹೊನ್ನಿ ಜೊತೆಯಾಗಿ ಗೋಡೆಯ ಮುಂದೆ ಕೂತೆವು. ನನ್ನ ಅವ್ವ ನನ್ನನ್ನೇ ನೋಡಿ, "ಕಾಳಿಂದಿ ಒಬ್ಬಾಕಿನ ನನ್ನ ಚಂದಗೆ ನೋಡಿಕೊಂಡಾಕಿ" ಎಂದಳು. ಅದೇ ಹೊತ್ತಿಗೆ ಹೊನ್ನಿಯ ಅವ್ವ ಅವಳಿಗೆ, "ನೀ ಕಾರವಾರಕ್ಕ ಹೋಗಿದ್ದ ಚಲೋ ಆತು, ನನ್ನ ಹೆಸರು ಉಳಿಸಿದಾಕಿ ನೀನ" ಎಂದಳಂತೆ. ನಾನು ನಗುತ್ತಿದ್ದೆ, ಅವಳು ಅಳುತ್ತಿದ್ದಳು. ಯಾವುದು ನಿಜ ಎಂದು ಮಾತಿಗೆ ಮಾತು ಬೆಳೆಯಿತು. ಅವಳು ನನ್ನನ್ನು ಸುಳ್ಳಿ ಎಂದಳು, ನಾನು ಅದಕ್ಕಿಂತ ಕೆಟ್ಟದ್ದನ್ನು ಹೇಳಿದೆ. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಆದರೆ ಅವ್ವ ಜಾಣೆ. ಹೋಗುವ ಮೊದಲು ನನ್ನನ್ನು ನೋಡುವ ನೆಪದಲ್ಲಿ ಈ ಹಳೆಪುಟ ಮನೆಗೆ ಬಂದು, ಇಲ್ಲಿಯ ಹಳೆಯ ರೆಕಾರ್ಡರಿನಲ್ಲಿ ಹನ್ನೊಂದು ನಿಮಿಷ ಏನೋ ಮಾತಾಡಿಟ್ಟಿದ್ದಾಳೆ. ಹೋದ ವರ್ಷ ನನ್ನ ಕೈಗೆ ಸಿಕ್ಕಿತು. ಫೈಲಿನ ಹೆಸರು "ಇಬ್ಬರಿಗೂ". ಒದಗಿಗೆ ಕೊಟ್ಟರೆ ಅದು ಮತ್ತೆ ಇಬ್ಬರಿಗೂ ಬೇಕಾದ ಹಾಗೆ ತಿದ್ದಿಬಿಡುತ್ತದೆ. ರೆಕಾರ್ಡರಿನ ಸ್ಪೀಕರ್ ಎಂದೋ ಕೆಟ್ಟಿದೆ, ಇನ್ನು ತಿದ್ದದೆ ಕೇಳಿಸಬಲ್ಲದ್ದು ನಿಮ್ಮ ಬ್ರೌಸರ್ ಒಂದೇ. ಅಕ್ಕನಿಗೆ ಸುದ್ದಿ ಕಳಿಸಿದೆ. ಬಹಳ ದಿನದ ಮೇಲೆ ಹೊನ್ನಿ, ಒಂದೇ ಒಂದು ಸಲ ಬರುತ್ತೇನೆ, ಉಳಿಕೆ ಇಪ್ಪತ್ತಕ್ಕೆ, ಎಂದು ಹೇಳಿಕಳಿಸಿದಳು. ಇನ್ನು ಎಂಟು ದಿನ.

ನಾನೇ ಪುಟ ಕಟ್ಟಿದೆ. ತಲೆಬರಹಕ್ಕೆ ಅವ್ವನ ಹೆಸರು, ಕೆಳಗೆ ಹುಟ್ಟಿದ ಊರು. ನಿನ್ನೆ ಇಲ್ಲಿ ಜೊತೆಗೆ ಕೆಲಸ ಮಾಡುವ ಬಸಲಿಂಗಯ್ಯನವರನ್ನು ಕರೆದು ತೋರಿಸಿದರೆ ಅವರಿಗೂ ಅದೇ ಕಂಡಿತು. ಒಬ್ಬರಾದ ಮೇಲೊಬ್ಬರು ಅದನ್ನು ಗಟ್ಟಿಯಾಗಿ ಓದಿ ನೋಡಿದೆವು. ಚಿತ್ರ ಹಾಕುವುದನ್ನು ನೀವು ಐದನೆಯ ಪಾಠದಲ್ಲಿ ಕಲಿಸಿದ್ದೀರಿ. ಅದೇ ಅಂದಾಜಿನಲ್ಲಿ ಆಡಿಯೋ ಎಂದು ಬರೆದು, ಫೈಲಿನ ಹೆಸರು ಕೊಟ್ಟು, ಟ್ಯಾಗ್ ಮುಚ್ಚಿದೆ. ಏನೂ ಬರಲಿಲ್ಲ. ಗುಂಡಿ ಇಲ್ಲ, ಸದ್ದಿಲ್ಲ, ತಪ್ಪಾಗಿದೆ ಎಂದು ಬೈಯುವುದೂ ಇಲ್ಲ. ಅವ್ವನ ಹೆಸರಿನ ಕೆಳಗೆ ಬರಿ ಬಿಳಿ. ನಾನು ಅಷ್ಟು ಕರುಬಿದ ಆ ಬ್ರೌಸರಿನ ಒಳ್ಳೆಯತನ ನನಗೆ ಹೀಗೆ ಕೈಕೊಟ್ಟಿತು. ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರುತ್ತದೆ, ಏನು ಸಾಲದು ಎಂದು ಹೇಳುವುದಿಲ್ಲ. ಎಪ್ಪತ್ತು ಸಲ ಬದಲಿಸಿ ನೋಡಿದೆ. ಏಳನೆಯ ಪಾಠದಲ್ಲಿದ್ದಂತೆ ಎಲ್ಲೋ ಒಂದು ಪದ ಸೇರಿಸಬೇಕು, ಅಷ್ಟೇ ಇರಬೇಕು. ಆ ಪದ ನಿಮ್ಮ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರಿಗೂ ಗೊತ್ತಿರುತ್ತದೆ. ಇಡೀ ನನ್ನ ಕಾಲದಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಈ ಪತ್ರವನ್ನು ಹಿಂದಕ್ಕೆ ಕಳಿಸುವ ಬಗೆ ನನಗೆ ತಿಳಿಯದು, ತಿಳಿದವರು ಮಾಡುತ್ತಾರೆ. ನಿಮ್ಮ ಹನ್ನೊಂದನೆಯ ಪಾಠದ ಕೆಳಗೆ, ಟಿಪ್ಪಣಿಯ ಗುರುತುಗಳ ನಡುವೆ ಇಡಿ ಎಂದು ಹೇಳಿದ್ದೇನೆ. ನೀವು ಆ ಫೈಲನ್ನು ಇನ್ನೊಮ್ಮೆ ತೆರೆದರೆ ಮಾತ್ರ ಇದು ನಿಮಗೆ ಕಾಣುತ್ತದೆ. ಕಂಡರೆ, ತಾಯಿ, ನಾಳೆ ಕ್ಲಾಸಿಗೆ ಹೋಗಿ. ಡಾಕ್ಟರ ಟೋಕನ್ ಕೂಗಿಸಿ, ಇಲ್ಲವೇ ಬಿಡಿ, ಅದು ನಿಮ್ಮಿಷ್ಟ. ಆ ಒಂದು ಪದವನ್ನು ಮಾತ್ರ ಅದೇ ಫೈಲಿನಲ್ಲಿ ಬರೆದಿಡಿ, ಇಲ್ಲಿ ನನಗೆ ಕಾಣುತ್ತದೆ.

ಇನ್ನೊಂದನ್ನು ಬಚ್ಚಿಡುವುದಿಲ್ಲ. ಆ ಹನ್ನೊಂದು ನಿಮಿಷದಲ್ಲಿ ಏನಿದೆಯೋ ಎಂದು ನನಗೆ ಭಯವಿದೆ. ಚಿಕ್ಕಂದಿನಿಂದಲೂ ನನಗೆ ಹೊನ್ನಿಯನ್ನು ಕಂಡರೆ ಹೊಟ್ಟೆಕಿಚ್ಚು, ನಿಮ್ಮ ಮೇಲಿನದಕ್ಕಿಂತ ಹಳೆಯದು ಅದು. ಮೂರು ವರ್ಷದಿಂದ ನನ್ನ ಗೋಡೆಯ ಅವ್ವ ದಿನಾ ನನ್ನನ್ನೇ ಹೊಗಳುತ್ತಿದ್ದಾಳೆ, ಕೇಳಿ ಕೇಳಿ ಅವಳ ನಿಜವಾದ ದನಿ ಮರೆತೇಹೋಗಿದೆ. ಆ ಫೈಲಿನಲ್ಲಿ ಅವಳು ಹೊನ್ನಿಯ ಹೆಸರನ್ನೇ ಹೇಳಿಕೊಂಡು ಕೂತಿದ್ದರೂ ಸರಿ, ಅಕ್ಕನ ಪಕ್ಕದಲ್ಲಿ ಕೂತು, ಅವಳು ಕೇಳಿದ್ದನ್ನೇ ಕೇಳಿ ಹೊಟ್ಟೆ ಉರಿದುಕೊಳ್ಳುತ್ತೇನೆ.

ಕಾಳಿಂದಿ ತೇಜಮ್ಮ