ವೀಬ್ಕೆಯ ಜಾಗದ ಅವಧಿ

ಗೊಟ್ಟಿಂಗೆನ್
ನವೆಂಬರ್ 3, 1998

ಪ್ರೀತಿಯ ವೆಂಡೆಲಿನ್,

ಇಷ್ಟು ವರ್ಷ ಬೇರೆ ಬೇರೆ ಊರಿನಲ್ಲಿದ್ದ ಮೇಲೂ ಈ ‘ಪ್ರೀತಿಯ’ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ಕೈಗೆ ಹಳೆಯ ಅಭ್ಯಾಸ.

ಮಗಳು ವೀಬ್ಕೆಯ ಗೋರಿಕಲ್ಲಿಗೆ ಸ್ಮಶಾನದ ಕಚೇರಿಯವರು ಚೀಟಿ ಅಂಟಿಸಿದ್ದನ್ನು ಫೋನಿನಲ್ಲಿ ಹೇಳಿದ್ದೆನಲ್ಲ. ಜಾಗಕ್ಕೆ ಬಾಡಿಗೆ ಕಟ್ಟಿದ್ದ ಇಪ್ಪತ್ತು ವರ್ಷದ ಅವಧಿ ಮುಗಿದಿದೆ. ಈ ತಿಂಗಳೊಳಗೆ ಮುಂದುವರಿಸದಿದ್ದರೆ ಕಲ್ಲು ಕಿತ್ತು, ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ. ನೀನು, “ಬಿಟ್ಬಿಡು ಇರ್ಮಾ, ಅಲ್ಲಿ ಯಾರೂ ಇಲ್ಲ” ಎಂದೆ. ತತ್ವಶಾಸ್ತ್ರದ ಮೇಷ್ಟ್ರ ಬಾಯಿಂದ ಇನ್ನೇನು ಬಂದೀತು! ಅವಳನ್ನು ಮಣ್ಣು ಮಾಡಿದ ದಿನವೂ, “ಹುಟ್ದೇ ಇದ್ದಿದ್ರೆ ಇನ್ನೂ ಒಳ್ಳೇದಿತ್ತು” ಎಂದಿದ್ದೆ. ಆರು ವರ್ಷದ ಮಗುವಿನ ಬಗ್ಗೆ! ಆ ಮಾತಿಗೇ ನಾನು ಮನೆ ಬಿಟ್ಟದ್ದು.

ಆದರೆ ನಿನ್ನ ಮಾತು ನಿಜವೇ ಇರಬಹುದು. ಈ ಬದುಕಿಗೊಂದು ಅರ್ಥವಿದೆ ಎಂದು ನಾನೂ ಈಗ ನಂಬುವುದಿಲ್ಲ. ಹುಡುಕಿ ಹುಡುಕಿ ಸುಸ್ತಾಗಿದೆ. ಆದರೂ ಶನಿವಾರ ಬಂದರೆ ಅವಳ ಗಿಡಗಳಿಗೆ ನೀರು ಹಾಕಲು ಹೊರಡುತ್ತೇನೆ. ಪಕ್ಕದ ಗೋರಿಯ ಬಳಿ ಮುದುಕಿ ಹೆಂಕೆಲ್ ತನ್ನ ಗಂಡನಿಗೆ ನೀರು ಹಾಕುತ್ತಿರುತ್ತಾಳೆ. “ಇದ್ದಾಗ ಒಂದ್ ಲೋಟ ನೀರು ಕೇಳಿದ್ರೆ, ನಿಂಗೇನು ಕೈಯಿಲ್ವಾ ಅಂತಿದ್ದೆ. ಈಗ ನೋಡಮ್ಮ, ಬಕೆಟ್‌ಗಟ್ಲೆ ಹೊರ್ತಿದೀನಿ!” ಎನ್ನುತ್ತಾಳೆ. ಇಬ್ಬರೂ ನಗುತ್ತೇವೆ.

ನಿನ್ನೆ ಜಾಗ ಬಿಟ್ಟುಕೊಡಲೆಂದೇ ಕಚೇರಿಗೆ ಹೋದೆ. ಸುಳ್ಳು ಹೇಳುವುದಿಲ್ಲ, ಮನಸ್ಸು ಗಟ್ಟಿಯಾಗಿತ್ತು. ಅಲ್ಲಿದ್ದ ಗುಮಾಸ್ತ, “ಕಲ್ಲು ಮನೆಗ್ ತಗೊಂಡ್ ಹೋಗ್ತೀರಾ ಮೇಡಂ, ಇಲ್ಲ ನಾವೇ ಪುಡಿ ಮಾಡಿಸ್ಬೇಕಾ?” ಎಂದ. ತರಕಾರಿಯವನು ಚೀಲ ಬೇಕಾ ಎಂದು ಕೇಳುವ ಹಾಗೆ ಕೇಳಿದ. ಅವನ ತಪ್ಪೇನಿಲ್ಲ, ದಿನವೂ ಕೇಳುವ ಪ್ರಶ್ನೆ. ಆದರೆ ನಾನು ಮುಂದುವರಿಸುವ ಫಾರಂ ಕೇಳಿದೆ.

ಇನ್ನೂ ಇಪ್ಪತ್ತು ವರ್ಷಕ್ಕೆ ಮುಂದುವರಿಸಿ ಬಂದೆ. ಅದು ಮುಗಿಯುವ ಹೊತ್ತಿಗೆ ನಾವಿಬ್ಬರೂ ಇರುವುದಿಲ್ಲ. ಆಗ ಕಲ್ಲಿಗೆ ಮತ್ತೆ ಚೀಟಿ ಅಂಟಿಸುತ್ತಾರೆ, ಓದುವವರು ಯಾರೂ ಇರುವುದಿಲ್ಲ. ಇದೆಲ್ಲ ಗೊತ್ತಿದ್ದೇ ಸಹಿ ಹಾಕಿದೆ. ಇದಕ್ಕೆ ಕಾರಣ ಕೇಳಬೇಡ, ನನ್ನ ಹತ್ತಿರ ಇಲ್ಲ.

ವಾದದಲ್ಲಿ ನಿನಗೆ ಸೋತರೂ ಹಟ ಬಿಡದ,
ಇರ್ಮ್‌ಗಾರ್ಡ್

ಮರೆತಿದ್ದೆ: ಆ ಜಾಗದಲ್ಲಿ ಸುಟ್ಟವರ ಬೂದಿ ತುಂಬಿದ ಎರಡು ಕುಡಿಕೆ ಹಿಡಿಸುತ್ತವಂತೆ. ಒಂದಕ್ಕೆ ನನ್ನ ಹೆಸರು ಬರೆಸಿದ್ದೇನೆ. ಇನ್ನೊಂದು ಖಾಲಿ ಇದೆ. ಸತ್ತ ಮೇಲೆ ಯಾವುದರಿಂದಲೂ ಏನೂ ಆಗಬೇಕಿಲ್ಲ ಎನ್ನುವವನಲ್ಲವೇ ನೀನು? ಹಾಗಾದರೆ ನಮ್ಮಿಬ್ಬರ ಪಕ್ಕ ಮಲಗಲು ನಿನ್ನದೇನೂ ತಕರಾರು ಇರಲಾರದು. ಬಂದು ಸಹಿ ಹಾಕಿ ಹೋಗು.